ಉಪ್ಪು ಎಲ್ಲಿದೆ ಅಂತ ಕೇಳಬಾರದು

ನಮ್ಮ ಚಿಕ್ಕಪ್ಪನ ಮನೆಯಲ್ಲಿ ‘ಉಪ್ಪು ಎಲ್ಲಿದೆ’ ಎಂದು ಯಾರೂ ಕೇಳುವಂತಿರಲಿಲ್ಲ. ‘ಉಪ್ಪು ಕೊಡಿ’ ಎನ್ನಬೇಕು, ಅದೂ ಚಿಕ್ಕಪ್ಪನಿಗೇ ಹೇಳಬೇಕು. ಇಂಥ ಗಂಡಸು ಲೋಕದಲ್ಲಿ ಇನ್ನೊಬ್ಬನಿದ್ದರೆ ಅವನ ಹೆಂಡತಿಗೆ ಇಲ್ಲಿಂದಲೇ ನನ್ನ ನಮಸ್ಕಾರ!

ಎಂಬತ್ತರ ದಶಕದ ಮಾತು. ಅವರು ಮಾಲೂರಿನ ಆಚೆ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಯಂತ್ರ ನಮ್ಮಜ್ಜಿಯ ಬೀರುವಿಗಿಂತ ದೊಡ್ಡದು. ಸ್ಟೋರಿನವರ ಪ್ರೋಗ್ರಾಂ, ಖರೀದಿಯವರ ಪ್ರೋಗ್ರಾಂ, ಎಲ್ಲವೂ ನೇರವಾಗಿ ಒಂದೇ ಫೈಲಿಗೆ ಕೈ ಹಾಕುತ್ತಿದ್ದವು. ಸ್ಟೋರಿನವರು ಬೋಲ್ಟಿನ ನಂಬರಿಗೆ ಒಂದು ಅಂಕಿ ಸೇರಿಸಿದ್ದೇ ತಡ, ಖರೀದಿಯವರ ಪಟ್ಟಿಯಲ್ಲಿ ಬೋಲ್ಟು ಹೋಗಿ ಪೊರಕೆ ಬಂತು. ಯಾರೂ ಗಮನಿಸಲಿಲ್ಲ. ಒಂದು ಲಾರಿ ಪೊರಕೆ ಬಂದಿಳಿದ ಮೇಲೆ ಗಮನಿಸದೆ ಇರುವುದು ಹೇಗೆ?

ಚಿಕ್ಕಪ್ಪ ಅವತ್ತೇ ತೀರ್ಮಾನಿಸಿದರು. ಇನ್ನು ಫೈಲನ್ನು ಯಾರೂ ಮುಟ್ಟಕೂಡದು. ನಡುವೆ ತಮ್ಮದೊಂದು ಪ್ರೋಗ್ರಾಂ ನಿಲ್ಲುತ್ತದೆ. ಬೇಕಾದ್ದನ್ನು ಅದರ ಹತ್ತಿರ ಕೇಳಿದರೆ ಅದೇ ತಂದುಕೊಡುತ್ತದೆ. ಎಲ್ಲಿಂದ ತಂದಿತು ಎನ್ನುವ ಚಿಂತೆ ಕೇಳಿದವರಿಗೆ ಬೇಡ. ಮ್ಯಾನೇಜರು ನಕ್ಕು, ಮೂರು ತಿಂಗಳಲ್ಲಿ ಮಾಡಿ ತೋರಿಸದಿದ್ದರೆ ಪೊರಕೆ ಕಾಯಲು ಗೋಡೌನಿಗೆ ಕಳಿಸುತ್ತೇನೆ ಎಂದರಂತೆ.

ಪರೀಕ್ಷೆ ಮೊದಲು ಮನೆಯಲ್ಲೇ ಶುರುವಾಯಿತು. ಡಬ್ಬಗಳೆಲ್ಲ ಉಗ್ರಾಣದ ಕೋಣೆಗೆ ಹೋದವು, ಬಾಗಿಲಲ್ಲಿ ಚಿಕ್ಕಪ್ಪ ಸ್ಟೂಲು ಹಾಕಿಕೊಂಡು ಕುಳಿತರು. ಸರೋಜ ಚಿಕ್ಕಮ್ಮ ಒಗ್ಗರಣೆಗೆ ಸಾಸಿವೆ ಕೇಳಿದರೆ, ಎಣ್ಣೆ ಹೊಗೆಯಾಡುವವರೆಗೆ ಹುಡುಕಿ ರಾಗಿ ತಂದುಕೊಟ್ಟರು. ಮುಳಬಾಗಿಲಿನಿಂದ ಬಂದಿದ್ದ ಅಜ್ಜಿಗೆ ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು.

“ಏಮಿರಾ, ಉಪ್ಪು ಕೂಡಾ ನಿನ್ನು ಅಡಗಾಲಾ?”

ಉಪ್ಪಿಗೂ ಮಗನ ಅಪ್ಪಣೆ ಬೇಕೆ ಎಂಬ ಆ ಪ್ರಶ್ನೆಗೆ ಉತ್ತರಕ್ಕೂ ಕಾಯದೆ, ಮಗನನ್ನು ಸ್ಟೂಲಿನ ಸಮೇತ ಪಕ್ಕಕ್ಕೆ ತಳ್ಳಿ ಒಳಗೆ ನಡೆದರು. ವ್ಯವಸ್ಥೆ ಬಾಳಿದ್ದು ಮೂರೇ ದಿನ.

ಕಾರ್ಖಾನೆಯಲ್ಲಿ ಬೇರೆ ತೊಂದರೆ. ಆಗ ಪ್ರೋಗ್ರಾಮನ್ನು ಚೌಕುಳಿ ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಡಬೇಕು, ಟೈಪಿನವರು ಅದನ್ನು ಯಂತ್ರಕ್ಕೆ ಹಾಕುತ್ತಾರೆ. ಚಿಕ್ಕಪ್ಪನ ಅಕ್ಷರವೋ, ಕೋಳಿ ಕೆದರಿದ ತಿಪ್ಪೆ! ಹಾಗಾಗಿ ಶುದ್ಧ ಪ್ರತಿ ಮಾಡುವ ಕೆಲಸ ಚಿಕ್ಕಮ್ಮನಿಗೆ ಬಂತು. ಅವರು ಓದಿದ್ದು ಕನ್ನಡ ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳು ಅವರಿಗೆ ಬರೀ ಚಿತ್ರ: ಎಸ್ ಹಾವು, ಎ ಏಣಿ, ಜೆ ಕೊಕ್ಕೆ. ರಂಗೋಲಿ ಇಟ್ಟಷ್ಟೇ ಚೆಂದವಾಗಿ ಹಾಳೆಗಟ್ಟಲೆ ಬರೆದರು.

ಮೂರು ತಿಂಗಳು ಮುಗಿಯುತ್ತ ಬಂದರೂ ಪ್ರೋಗ್ರಾಂ ಓಡಲೊಲ್ಲದು. ಚಿಕ್ಕಪ್ಪ ಊಟ ಬಿಟ್ಟರು, ಮಾತು ಬಿಟ್ಟರು. ಒಂದು ಮಧ್ಯಾಹ್ನ ಅವರಿಗೆ ತುತ್ತು ಕಲಸಿಕೊಡುತ್ತ ಚಿಕ್ಕಮ್ಮ ಹಾಳೆ ನೋಡಿದರು.

“ರೀ, ಇಂಥ ಸಾಲಿಗೆಲ್ಲಾ ಕೊನೇಲಿ ಚುಕ್ಕಿ ಇಕ್ಕಿದ್ದೀರ. ಇದೊಂದಕ್ಕೆ ಯಾಕಿಲ್ಲ?”

ಚಿಕ್ಕಪ್ಪ ನೋಡಿದರು. ಚುಕ್ಕಿ ಇಲ್ಲದಿದ್ದರೆ ಸಾಲು ಮುಗಿಯಿತೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಂಜಲು ಕೈಯಲ್ಲೇ ಸೈಕಲ್ ಹತ್ತಿದರು.

ಪ್ರೋಗ್ರಾಂ ಓಡಿತು. ಮುಂದಿನ ವಾರ ಸ್ಟೋರಿನವರು ಮತ್ತೆ ಅಂಕಿ ಬದಲಿಸಿದಾಗ ಚಿಕ್ಕಪ್ಪ ತಿದ್ದಿದ್ದು ನಡುವಿನ ಪ್ರೋಗ್ರಾಂ ಒಂದನ್ನೇ. ಖರೀದಿ ಪಟ್ಟಿಯಲ್ಲಿ ಬೋಲ್ಟು ಬೋಲ್ಟಾಗಿಯೇ ಇತ್ತು. ಮ್ಯಾನೇಜರು ಅವರನ್ನು ಕರೆದು, ಮೊದಲ ಸಲ ಕುರ್ಚಿ ತೋರಿಸಿದರಂತೆ.

ಆ ಭಾನುವಾರ ನಾನು ಕೋಲಾರದಿಂದ ಹೋಗಿದ್ದೆ. ಚಿಕ್ಕಪ್ಪ ಪ್ರೋಗ್ರಾಂ ಅಚ್ಚಾದ ಉದ್ದನೆಯ ಕಾಗದ ತಂದಿದ್ದರು. ಚಿಕ್ಕಮ್ಮ ಅದನ್ನು ನಡುಮನೆಯಲ್ಲಿ ಹಾಸಿ, ಮೇಲಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ಹಾವು, ಏಣಿ ಇರೋ ಈ ಸಾಲನ್ನ ಎಷ್ಟು ಸಲ ಬರೆದಿದ್ದೀನೋ, ಏನಂತ ಓದು ಕಣೇ ಎಂದರು.

ಅದು ಪ್ರೋಗ್ರಾಂ ಬರೆದವರ ಹೆಸರು ಹಾಕುವ ಜಾಗ. ನಾನು ಓದಿದೆ. “ಸರೋಜ.”

ಚಿಕ್ಕಮ್ಮ ಗಂಡನ ಕಡೆ ನೋಡಿದರು. ಅವರು ಓದುತ್ತಿದ್ದ ನ್ಯೂಸ್ ಪೇಪರಿನಿಂದ ತಲೆ ಎತ್ತಲಿಲ್ಲ.

“ಬರೆದಿದ್ದು ನೀನೇ ತಾನೇ.”

ಚಿಕ್ಕಮ್ಮ ಪೆನ್ಸಿಲ್ ತೆಗೆದುಕೊಂಡು ಕಾಗದದ ಅಂಚಿನಲ್ಲಿ ಆ ಆರು ಅಕ್ಷರಗಳನ್ನು ಇನ್ನೊಮ್ಮೆ ಬರೆದರು, ಈ ಸಲ ನೋಡದೆ.