ಮುನಿಶಾಮಪ್ಪನ ದುಬೈ ಸೆಂಟು

ಜಂಗಮಕೋಟೆಯ ಮುನಿಶಾಮಪ್ಪ ಕೆಟ್ಟದ್ದು ಒಂದು ಸೆಂಟು ಬಾಟಲಿಯಿಂದ. ಗೊಬ್ಬರದ ಕಂಪನಿಯವರು ಬಹುಮಾನವೆಂದು ದುಬೈಗೆ ಕರೆದರು. ಈ ಮಹಾರಾಯ ಮನೆ ತುಂಬ ರೇಷ್ಮೆ ಹುಳು ಮೇಯುತ್ತಿರುವಾಗ ಅಷ್ಟನ್ನೂ ಹೆಂಡತಿ ವೆಂಕಟರತ್ನಮ್ಮನ ತಲೆಗೆ ಕಟ್ಟಿ ವಿಮಾನ ಹತ್ತಿಬಿಟ್ಟ. ಅಂದಿನಿಂದ ಆಕೆ ಫೋನೇ ಎತ್ತಿಲ್ಲ. ಆ ಕೋಪ ಇಳಿಸಲೆಂದೇ ಈ ಸೆಂಟು.

ದೇವನಹಳ್ಳಿಯಲ್ಲಿ ಇಳಿದು ಸೂಟ್‌ಕೇಸು ಎತ್ತಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ರಮೇಶ್‌ಬಾಬು ಫೋನ್ ಮಾಡಿದ. ನೆಂಟರನ್ನು ಬಿಡಲು ಒಮ್ಮೆ ವಿಮಾನ ನಿಲ್ದಾಣದ ಬಾಗಿಲ ತನಕ ಹೋಗಿ ಬಂದವನು. ಅಲ್ಲಿಂದೀಚೆಗೆ ಊರಿಗೆಲ್ಲ ಅವನೇ ಕಸ್ಟಮ್ಸ್ ಪಂಡಿತ.

"ಸೆಂಟು ತಂದಿದೀಯಾ? ಕೆಟ್ಟೆ ಬಿಡಣ್ಣ! ತುಂಬಿದ ಬಾಟ್ಲಿ ಕಂಡ್ರೆ ಕಿತ್ಕೊಂತಾರೆ, ನಿನ್ನೂ ಕೂರಿಸ್ಕೊಂತಾರೆ."

"ಅಯ್ಯೋ, ಈಗೇನಪ್ಪ ಮಾಡ್ಲಿ?"

"ಮೈಗೆ ಹಾಕ್ಕೊ! ಮೈಮೇಲಿರೋದನ್ನ ಯಾರು ಕಿತ್ಕೊಂತಾರೆ? ಮಿಕ್ಕಿದ್ದು ಅತ್ತಿಗೆಗೆ ಕೊಡು."

ಮುನಿಶಾಮಪ್ಪ ಶೌಚಾಲಯಕ್ಕೆ ನುಗ್ಗಿ ಅಂಗಿಗೆ, ಪ್ಯಾಂಟಿಗೆ, ಕೊನೆಗೆ ಮೀಸೆಗೂ ಬಾಟಲಿ ಖಾಲಿಯಾಗುವ ತನಕ ಒತ್ತಿಕೊಂಡ. ಹೊರಗೆ ಬಂದಾಗ ಮದುವೆ ಛತ್ರವೇ ನಡೆದು ಬಂದಂತಿತ್ತು.

ಕಸ್ಟಮ್ಸ್ ಅಧಿಕಾರಿ ಕೈ ಅಡ್ಡ ಹಿಡಿದು ಜೋರಾಗಿ ಸೀನಿದರು. ಇವನು ಕೈ ಮುಗಿದ.

"ತಪ್ಪಾಯ್ತು ಸ್ವಾಮಿ! ಬಾಟ್ಲಿ ಖಾಲಿ ಮಾಡ್ಬಿಟ್ಟಿದೀನಿ."

"ಒಂದು ಬಾಟ್ಲಿ ಸೆಂಟಿಗೆ ಯಾರ್ರೀ ಕೇಳ್ತಾರೆ? ಮೂಗು ಉರೀತಿದೆ, ಮೊದ್ಲು ಆಚೆ ಹೋಗ್ರೀ!"

ರಮೇಶ್‌ಬಾಬುವಿಗೆ ದಾರಿಯುದ್ದಕ್ಕೂ ಶಾಪ ಹಾಕುತ್ತ ಸಂಜೆ ಊರು ಮುಟ್ಟಿದ. ಹುಳು ಮನೆಯ ಬಾಗಿಲಲ್ಲಿ ನಿಂತಿದ್ದ ವೆಂಕಟರತ್ನಮ್ಮ ಗಂಡನನ್ನು ಕಂಡು ಕೋಪ ಮರೆತು ನಕ್ಕಳು. ಅಷ್ಟರಲ್ಲಿ ಗಾಳಿ ಬೀಸಿತು.

"ಅಲ್ಲೇ ನಿಂತ್ಕೊಳ್ಳಿ! ಹುಳಕ್ಕೆ ವಾಸ್ನೆ ಆಗಲ್ಲ ಅಂತ ಊದಿನಕಡ್ಡೀನೂ ಹಚ್ಚದೆ ಕಾಪಾಡಿದೀನಿ. ಇನ್ನೇನು ಗೂಡು ಕಟ್ಟೋ ಹೊತ್ನಲ್ಲಿ ಸೊಪ್ಪು ತಿನ್ನೋದು ಬಿಟ್ರೆ ಬೆಳೆ ಮಣ್ಣಾಗುತ್ತೆ!"

"ನಿನಗೇಂತ ತಂದಿದ್ದು ಕಣೇ…"

"ಮುಚ್ಚಿದಂಗೇ ಕೊಟ್ಟಿದ್ರೆ ಬೀರುನಲ್ಲಿ ಇಟ್ಕೊಂತಿದ್ದೆ! ಈಗ ನೀವು ಸೊಪ್ಪು ಮುಟ್ಟಂಗಿಲ್ಲ, ಕೊಯ್ಯೋರ್ಯಾರು? ಅದೂ ನಾನೇನಾ?"

ತೊಟ್ಟಿಯ ಬಳಿ ಸೋಪು ಸವೆಯುವಷ್ಟು ಉಜ್ಜಿಕೊಂಡ. ಹಾಳು ದುಬೈ ಸೆಂಟು, ಜಗ್ಗಲಿಲ್ಲ. ವೆಂಕಟರತ್ನಮ್ಮ ದೂರದಿಂದಲೇ ಸೂಟ್‌ಕೇಸು ತೋರಿಸಿದಳು. "ಗೂಡು ಕಟ್ಟೋವರ್ಗೂ ತೊಂಡೇಬಾವಿಗೆ ಹೋಗಿ, ನಿಮ್ಮಕ್ಕನ ಮನೇಲಿರಿ. ಅವರಿಗೆ ಹುಳದ ತಾಪತ್ರಯ ಇಲ್ಲ."

ಬಸ್ಸಿನಲ್ಲಿ ಇವನ ಪಕ್ಕ ಯಾರೂ ಕೂರಲಿಲ್ಲ. ಅಕ್ಕ ಚಿಕ್ಕವೆಂಕಟಮ್ಮ ಬಾಗಿಲು ತೆರೆದು, "ಬಾರೋ ಮುನಿಯ, ದೇವ್ರು ಬಂದಂಗೆ ಬಂದೆ!" ಎಂದಳು. ಮುನಿಶಾಮಪ್ಪನ ಕಣ್ಣು ತುಂಬಿತು. ಲೋಕದಲ್ಲಿ ಒಂದು ಬಾಗಿಲಾದರೂ ತೆರೆದಿದೆಯಲ್ಲ!

"ನಿನ್ನೇ ನೆನೆಸ್ಕೊಂತಿದ್ದೆ ಕಣೋ," ಎಂದಳು ಅಕ್ಕ ಸಂಭ್ರಮದಿಂದ. "ನಿನ್ನ ನೋಡಿ ನಾವೂ ಈ ಸಲ ಹುಳು ಹಾಕಿದೀವಿ. ಬಾ, ಒಳಗೆ ಬಂದು ನೋಡ… ಅಯ್ಯಯ್ಯೋ, ಏನೋ ಅದು ವಾಸ್ನೆ?"