ಬೆನ್ನಿಗೆ ಬಿದ್ದ ಪ್ಲೇಟು

ಭದ್ರಾವತಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಿಂದ ರವಿಶಂಕರರು ನಿವೃತ್ತರಾದರೂ ಅವರ ಬಾಯಿಂದ ‘ರಿಜೆಕ್ಟ್’ ಎಂಬ ಮಾತು ನಿವೃತ್ತವಾಗಲಿಲ್ಲ. ಆಲ್ಕೊಳದ ಮನೆಯಲ್ಲಿ ದೋಸೆಯ ಅಂಚು ಸೊಟ್ಟಗಿದ್ದರೆ ರಿಜೆಕ್ಟ್, ಚಟ್ನಿ ತರಿಯಾಗಿದ್ದರೆ ರಿಜೆಕ್ಟ್. ಸಾಕಾಗಿ ಹೋದ ಹೆಂಡತಿ ವೀಣಾ, ಇವರಿಗೊಂದು ಕೆಲಸ ಕೊಡು ಎಂದು ತಮ್ಮನ ಮಗ ದುಶ್ಯಂತನಿಗೆ ದುಂಬಾಲು ಬಿದ್ದರು.

ದುಶ್ಯಂತ ಭದ್ರಾವತಿಯ ತನ್ನ ವರ್ಕ್‌ಶಾಪಿನಲ್ಲಿ ಹೊಸ ಸಾಮಾನು ಮಾಡಿದ್ದ. ಸಮುದ್ರದಾಳಕ್ಕೆ ಇಳಿಯುವವರು ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುವ ಸ್ಟೀಲ್ ಪ್ಲೇಟು, ಅದಕ್ಕೆ ಪೋಣಿಸಿದ ನೈಲಾನ್ ಪಟ್ಟಿ. ಅದನ್ನು ನೋಡಲು ಕರಾವಳಿಯಿಂದ ಡೈವಿಂಗ್ ಶಾಲೆಯ ನವ್ಯಾ ಎಂಬಾಕೆ ಅಂದು ಮಧ್ಯಾಹ್ನ ಬರುವವರಿದ್ದರು. ಆಕೆ ಒಪ್ಪಿದರೆ ಮಾವನಿಗೆ ಕಾಯಂ ತಪಾಸಣೆಯ ಕೆಲಸ.

ಪರೀಕ್ಷಿಸಿ ತರಲೆಂದು ದುಶ್ಯಂತ ಹಿಂದಿನ ದಿನವೇ ಒಂದು ಪ್ಲೇಟನ್ನು ಮನೆಗೆ ಕಳಿಸಿದ್ದ. ಬೆಳಿಗ್ಗೆಯೇ ರವಿಶಂಕರರು ಅದರ ಅಂಚಿಗೆಲ್ಲ ಹೆಬ್ಬೆರಳು ಸವರಿದರು. ಪಟ್ಟಿ ಕೊಯ್ಯುವಂಥ ಚೂಪು ಎಲ್ಲೂ ಇರಲಿಲ್ಲ. ಬೆನ್ನಿಗೇರಿಸಿದರೆ ಬಾಗೂ ಸರಿಯಾಗಿ ಕೂತಿತು. ಆದರೆ ಸೊಂಟದ ಬಕಲ್ಲು ಒಂದು ಬೆರಳು ಎತ್ತಿದರೆ ಸಾಕು, ಬಿಚ್ಚಿಕೊಳ್ಳುತ್ತಿತ್ತು. ಇಂಥದ್ದನ್ನು ಅವರು ನಂಬುವವರಲ್ಲ. ಮಿಕ್ಕ ಪಟ್ಟಿಯನ್ನು ಬಕಲ್ಲಿನ ಮೇಲೆ ಸುತ್ತಿ, ಭದ್ರವಾಗಿ ಎರಡು ಗಂಟು ಬಿಗಿದರು.

ಆಮೇಲೆ ಎಷ್ಟು ಎಳೆದರೂ ಗಂಟು ಬಿಚ್ಚಿಕೊಳ್ಳಲಿಲ್ಲ. ವೀಣಾರ ಈಳಿಗೆಮಣೆಗೆ ಪಟ್ಟಿ ಜಗ್ಗಲಿಲ್ಲ. ಗದ್ದಲ ಕೇಳಿ ಬಂದ ಪಕ್ಕದ ಮನೆಯ ಮಂಜಪ್ಪ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ತೀರ್ಪು ಕೊಟ್ಟ.

“ನೀರಿನ ಸಾಮಾನಲ್ವಾ ಸಾರ್? ನೀರು ಬಿದ್ರೇ ಸಡಿಲ ಆಗೋದು.”

ಹೇಳಿದವನೇ ಒಂದು ಬಕೆಟ್ ನೀರು ಸುರಿದು, ಗಂಟನ್ನು ಜೋರಾಗಿ ಎಳೆದ. ಗಂಟು ಜಿಪುಣನ ಮುಷ್ಟಿಯಂತೆ ಇನ್ನಷ್ಟು ಬಿಗಿಯಿತು. ಹೊತ್ತು ಮೀರುತ್ತಿತ್ತು. ರವಿಶಂಕರರು ಒದ್ದೆ ಅಂಗಿಯಲ್ಲೇ, ಪ್ಲೇಟಿನ ಸಮೇತ ಭದ್ರಾವತಿಯ ಬಸ್ ಹತ್ತಿದರು.

“ಯಜಮಾನ್ರೇ, ಲಗೇಜ್ ಮೇಲಿಡಿ,” ಎಂದ ಕಂಡಕ್ಟರ್.

“ತೆಗೆಯೋಕಾಗಲ್ಲಪ್ಪ.”

“ಹಂಗಾದ್ರೆ ನಿಮ್ಮನ್ನೂ ಮೇಲಿಡ್ಲಾ?”

ಹಾಲಮ್ಮ ಎಂಬ ಮುದುಕಿ ಮಾತ್ರ, ಬೆನ್ನುಮೂಳೆ ಮುರಿದಿರಬೇಕು ಪಾಪ ಎಂದು ಎದ್ದು ಸೀಟು ಬಿಟ್ಟುಕೊಟ್ಟಳು. ಕೂರಲು ಹೊರಟಾಗಲೇ ಮಲವಗೊಪ್ಪದ ಹತ್ತಿರ ಬ್ರೇಕು ಬಿತ್ತು. ರವಿಶಂಕರರು ಆಮೆಯಂತೆ ಅಂಗಾತ ಬಿದ್ದರು. ಎತ್ತಲು ಬಂದವರೆಲ್ಲ ಒಂದೊಂದು ಪಟ್ಟಿ ಹಿಡಿದು ಒಂದೊಂದು ಕಡೆಗೆ ಎಳೆದರು.

ವರ್ಕ್‌ಶಾಪಿಗೆ ಬಂದ ಈ ಅವತಾರವನ್ನು ನೋಡಿ ದುಶ್ಯಂತನ ಮುಖ ಬಿಳಿಚಿಕೊಂಡಿತು. ನವ್ಯಾ ಮಾತ್ರ ಶಾಂತವಾಗಿ ಬಸ್ಸಿನ ಕಥೆ ಕೇಳಿ, ಪ್ಲೇಟು ಪರೀಕ್ಷಿಸಿದರು. ಬಸ್ಸಿನಲ್ಲಿ ಬಿದ್ದರೂ ಅದಕ್ಕೊಂದು ಗೀರೂ ಆಗಿರಲಿಲ್ಲ. ಪಟ್ಟಿಯನ್ನು ಕತ್ತರಿಸಲು ದುಶ್ಯಂತ ಗರಗಸವನ್ನೇ ತರಬೇಕಾಯಿತು. ಪಟ್ಟಿಯ ಗಟ್ಟಿತನ ನೋಡಿ ನವ್ಯಾರ ಮುಖ ಅರಳಿತು. ಕೆಲಸ ಸಿಕ್ಕೇಬಿಟ್ಟಿತು ಎಂದು ರವಿಶಂಕರರಿಗೆ ಒಳಗೊಳಗೇ ಹಿಗ್ಗು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಬಾಯಿ ತುಂಬ ‘ಪಾಸ್’ ಎಂದರು.

“ಬಕಲ್ ಮೇಲೆ ಗಂಟು ಹಾಕಿದ್ದು ಯಾರು?” ಎಂದು ಕೇಳಿದರು ನವ್ಯಾ.

“ನಾನೇ,” ಎಂದರು ರವಿಶಂಕರರು ಎದೆ ಉಬ್ಬಿಸಿ. “ಅದೊಂದೇ ಲೋಪ ಇತ್ತು. ಸರಿ ಮಾಡಿದೆ.”

“ನೀರಿನಡಿ ಸಿಕ್ಕಿಹಾಕ್ಕೊಂಡ್ರೆ ಒಂದೇ ಬೆರಳಲ್ಲಿ ಬಿಚ್ಕೊಂಡು ಬರ್ಬೇಕು ಸಾರ್. ಅದಕ್ಕೇ ಆ ಬಕಲ್ ಇರೋದು.” ನವ್ಯಾ ದುಶ್ಯಂತನ ಕಡೆಗೆ ತಿರುಗಿದರು. “ಪ್ಲೇಟು ಪಾಸು, ಪಟ್ಟಿ ಪಾಸು, ಬಕಲ್ಲೂ ಪಾಸು. ಇನ್‌ಸ್ಪೆಕ್ಟರ್ ರಿಜೆಕ್ಟು.”

ಸಂಜೆ ವೀಣಾ ಆಸೆಯಿಂದ ಬಾಗಿಲಲ್ಲೇ ಕಾದಿದ್ದರು. ಗಂಡನ ಮುಖ ನೋಡಿ ಒಳಗೆ ಹೋಗಿ ದೋಸೆ ಹುಯ್ದರು. ಒಂದು ಬದಿ ಸೀದಿತ್ತು, ಅಂಚೂ ಸೊಟ್ಟಗಿತ್ತು. ರವಿಶಂಕರರು ತುಟಿ ಪಿಟ್ಟೆನ್ನದೆ ತಿಂದು ಮುಗಿಸಿದರು.