ಮಾವನ ತಿಪ್ಪೆಗೆ ಚಿನ್ನದ ಬಣ್ಣ

ಕಲಾವಿದನಾದವನಿಗೆ ಎಲ್ಲಿ ಹೋದರೂ ಒಂದು ಎಡವಟ್ಟು ಕಾದೇ ಇರುತ್ತದೆ. ನನ್ನಂಥ ದೊಡ್ಡ ಕಲಾವಿದನಿಗೆ ಸ್ವಲ್ಪ ಜಾಸ್ತಿಯೇ. ನಾನೇ ತೆಗೆದ ಫೋಟೋವನ್ನು ಮೊಬೈಲಿನಲ್ಲಿ ತಿರುಚಿ, ಕರಗಿಸಿ, ಬಣ್ಣ ಬದಲಿಸಿ, ಮೂಲ ಏನಿತ್ತೆಂದು ಬ್ರಹ್ಮನಿಗೂ ತಿಳಿಯದ ಹಾಗೆ ಮಾಡುತ್ತೇನೆ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ.

೧. ತಿಪ್ಪೆ, ಮೀಸೆ

ಒಂದು ಬೆಳಿಗ್ಗೆ ಮಾವನ ಕೊಟ್ಟಿಗೆ ಹಿಂದಿನ ತಿಪ್ಪೆ ಮೇಲೆ ಎಳೆಬಿಸಿಲು ಬಿದ್ದಿತ್ತು. ಮಂಡಿಯೂರಿ ಫೋಟೋ ತೆಗೆಯುತ್ತಿದ್ದೆ. ಮಾವ ಬಂದರು.

"ಏನೋ, ತಿಪ್ಪೆಗೆ ನಮಸ್ಕಾರ ಮಾಡ್ತಿದ್ದೀಯಾ?"

"ಕಲೆ ಮಾವ! ಇದು ಶಿವಮೊಗ್ಗದಲ್ಲಿ ಗೋಡೆ ಮೇಲೆ ತೂಗುತ್ತೆ, ನೋಡ್ತಿರಿ."

"ತೂಗಿದ್ರೆ ಈ ಮೀಸೆ ಬೋಳಿಸ್ತೀನಿ. ದೀಪಾವಳಿ ಒಳಗೆ ತೂಗ್ಲಿಲ್ಲ ಅಂದ್ರೆ ಕ್ಯಾಮೆರಾ ನಂಗೆ ಕೊಟ್ಟು, ಈ ತಿಪ್ಪೆನೆಲ್ಲ ನೀನೇ ಗದ್ದೆಗೆ ಹೊರಬೇಕು."

ಬೆಣ್ಣೆ ಹಚ್ಚಿ ಸಾಕಿದ ಮೀಸೆ ಅದು! ತಕ್ಷಣ ಒಪ್ಪಿದೆ. ಸಂಜೆಯೊಳಗೆ ತಿಪ್ಪೆಯನ್ನು ಚಿನ್ನದ ಕಿರಣಗಳನ್ನಾಗಿ ಮಾಡಿ ಅತ್ತೆಗೆ ತೋರಿಸಿದೆ. ಯಾವ ದೇವರೋ ಏನೋ ಅಂತ ಅವರು ಮೊಬೈಲನ್ನೇ ಕಣ್ಣಿಗೊತ್ತಿಕೊಂಡರು.

೨. ಕಾಗದನಗರದ ಗೋಡೆ

ಒಂದೇ ಚಿತ್ರ ನೆಚ್ಚಿಕೊಳ್ಳುವುದು ಬೇಡವೆಂದು ಭದ್ರಾವತಿಗೆ ಹೋದೆ. ಅಲ್ಲಿನ ಕಾಗದನಗರದಲ್ಲಿ ಒಂದು ಮನೆಯ ಹಳೇ ಸುಣ್ಣದ ಗೋಡೆಗೆ ಕ್ಯಾಮೆರಾ ಹಿಡಿದಿದ್ದೆ. ಒಳಗಿಂದ ಒಬ್ಬ ಅಜ್ಜಿ ಬಂದು, "ರಿಪೇರಿಯವನಾ? ಅಂತೂ ಬಂದ್ಯಲ್ಲಪ್ಪ!" ಎಂದು ಕಾಫಿ ಕೊಟ್ಟು, ಬಚ್ಚಲ ಗೋಡೆಯನ್ನೂ ತೋರಿಸಿದರು. ಕಾಫಿ ಚೆನ್ನಾಗಿತ್ತು, ಅಲ್ಲ ಅನ್ನಲು ಮನಸ್ಸಾಗಲಿಲ್ಲ. ಕೊನೆಗೆ ಅಲ್ಲೇ ಕೂತು, ಗೋಡೆಯನ್ನು ಮೊಬೈಲಿನಲ್ಲಿ ನೀಲಿ ಅಲೆಗಳನ್ನಾಗಿ ಮಾಡಿ ತೋರಿಸಿ, "ಅಜ್ಜಿ, ನಾನು ಕಲಾವಿದ" ಎಂದೆ.

ಅಜ್ಜಿ ಕನ್ನಡಕ ಏರಿಸಿ ನೋಡಿದರು. "ಬಣ್ಣ ಒಪ್ಪಿಗೆ ಆಯ್ತು. ಏಣಿ ಹಿತ್ತಲಲ್ಲಿದೆ, ಶುರು ಮಾಡು."

೩. ಮುಖವಿಲ್ಲದ ಫ್ಲೆಕ್ಸ್

ದೀಪಾವಳಿ ಹತ್ತಿರವಾಯಿತು. ಶಿವಮೊಗ್ಗದ ಫ್ಲೆಕ್ಸ್ ಅಂಗಡಿಗೆ ಹೋಗಿ ತಿಪ್ಪೆಚಿತ್ರವನ್ನು ಅಂಗಡಿ ನಡೆಸುವ ಭಾಯ್‌ನ ಕಂಪ್ಯೂಟರಿಗೆ ಹಾಕಿಸಿದೆ.

"ಇದರಲ್ಲಿ ಮುಖ ಎಲ್ಲಿ?" ಭಾಯ್ ಕೇಳಿದ.

"ಮುಖ ಇಲ್ಲ. ಅಮೂರ್ತ ಕಲೆ."

"ಶುಭ ಕೋರುವವರು?"

"ಯಾರೂ ಇಲ್ಲ."

ಭಾಯ್ ಕನಿಕರದಿಂದ ಹೇಳಿದ: "ಮಾರಾಯ, ನಿಂಗೆ ಒಬ್ಬ ಫ್ರೆಂಡೂ ಇಲ್ವಾ?"

ಕಲೆ ಗೊತ್ತಿಲ್ಲದವನ ಹತ್ತಿರ ಏನು ಮಾತು ಅಂತ ಸಿಟ್ಟಿನಲ್ಲಿ ಎದ್ದು ಬಂದೆ. ಚಿತ್ರ ಅವನ ಕಂಪ್ಯೂಟರಿನಲ್ಲೇ ಉಳಿಯಿತು.

೪. ಗೋಪಾಳದ ಕಾಂಪೌಂಡು

ಅದೇ ವಾರ ಮಾವ ಊರಿನ ಹಾಲಿನ ಡೇರಿ ಅಧ್ಯಕ್ಷರಾದರು. ಶಿವಮೊಗ್ಗದ ಗೋಪಾಳ ಬಡಾವಣೆಯಲ್ಲಿರುವ ಅವರ ಅಳಿಯ ದೀಪಾವಳಿಗೆ ಮೊದಲೇ ತನ್ನ ಮನೆ ಕಾಂಪೌಂಡ್ ಗೋಡೆಗೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ನಾವೆಲ್ಲ ನೋಡಲು ಹೋದೆವು. ನಡುವೆ ಮೀಸೆ ಸಮೇತ ಮಾವ, ಕೆಳಗೆ ಸಾಲಾಗಿ ಶುಭ ಕೋರುವವರ ಮುಖಗಳು. ಮಾವನ ತಲೆ ಸುತ್ತ ಥಳಥಳ ಚಿನ್ನದ ಕಿರಣ! ಭಾಯ್ ನನ್ನ ಚಿತ್ರಕ್ಕೆ ಮುಖ ಹುಡುಕಿಕೊಟ್ಟಿದ್ದ.

ಮಾವ ಮೀಸೆ ತಿರುವಿದರು. "ಆ ಪ್ರಭಾವಳಿ ನೋಡೋ. ಕಲೆ ಅಂದ್ರೆ ಇದು! ನೀನೂ ಮಾಡ್ತೀಯ, ತಿಪ್ಪೆ."

"ಮಾವ, ಇದೇ ಆ ತಿಪ್ಪೆ."

ಮೊಬೈಲಿನಲ್ಲಿ ತಿಪ್ಪೆಯ ಫೋಟೋ, ಚಿನ್ನದ ಕಿರಣ ಎರಡನ್ನೂ ಪಕ್ಕಪಕ್ಕ ತೋರಿಸಿದೆ. ಅತ್ತೆಯೂ ಸಾಕ್ಷಿ ಹೇಳಿದರು. ಮಾವ ಮಾತಿಗೆ ತಪ್ಪುವವರಲ್ಲ. ಸೀದಾ ಸಲೂನಿಗೆ ಹೋಗಿ ಬಂದರು.

ಅಷ್ಟರಲ್ಲಿ ಪಕ್ಕದ ಬೀದಿಯವರು ಹಾರ ಹಿಡಿದು ಬಂದರು. ಫ್ಲೆಕ್ಸ್ ನೋಡಿದರು, ಗೇಟಿನಲ್ಲಿದ್ದ ಬೋಳುಮೀಸೆಯ ಮಾವನನ್ನು ನೋಡಿದರು, ಕೇಳಿದರು: "ಯಜಮಾನ್ರೇ, ಅಧ್ಯಕ್ಷರು ಎಲ್ಲಿ?"

ಮಾವ ಗೋಡೆ ಕಡೆ ಕೈ ತೋರಿಸಿದರು. "ಅಲ್ಲಿ. ತಿಪ್ಪೆಯಲ್ಲಿ."